ದೀಪದ ಬಳೆ

ಕಳೆದ ವರ್ಷದ ಸಂಚಿಕೆಯಲ್ಲಿ ನನ್ನದೊಂದು ಪದ್ಯ ಅಚ್ಚಾಗಿತ್ತು. ಓದಿದವರಿದ್ದರೂ ನೆನಪಿಟ್ಟವರು ಇರಲಾರರು, ಪದ್ಯವೇ ಅಂಥದು. ಅದಕ್ಕೂ ‘ದೀಪದ ಬಳೆ’ ಎಂದೇ ಹೆಸರಿಟ್ಟಿದ್ದೆ. ನನ್ನ ತಾಯಿ ಒಂದು ಸಂಜೆ ದೀಪವನ್ನು ನೋಡಿ ಆಡಿದ ಮಾತೊಂದನ್ನು ಹಿಡಿದುಕೊಂಡು ಹದಿನಾರು ಸಾಲು ಹೊಸೆದಿದ್ದೆ. ಮಾತು ಅವಳದು, ಪ್ರಾಸ ಮಾತ್ರ ನನ್ನದು. ಈ ವರ್ಷ ಸಂಪಾದಕ ಮಂಡಳಿಯ ಮಿತ್ರರು ಮತ್ತೊಂದು ಪದ್ಯ ಕೇಳಿದಾಗ ಆಗದು ಎಂದೆ. ಏಕೆಂದು ಕೇಳಿದರು. ಆ ‘ಏಕೆ’ಗೆ ಉತ್ತರವೇ ಈ ಬರಹ. ಇದರಲ್ಲಿ ಒಂದಿಷ್ಟು ಭೌತಶಾಸ್ತ್ರ ಬರುತ್ತದೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಈ ಉಸಾಬರಿ ಏಕೆಂದು ವಾಚಕರು ಹುಬ್ಬೇರಿಸಿದರೆ ತಪ್ಪಿಲ್ಲ. ಹತ್ತನೆಯ ತರಗತಿಯ ಗಣಿತದಲ್ಲಿ ನಾನು ಪಡೆದ ಅಂಕವನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಪಾಂಡವಪುರದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಎರಡು ಮೈಲಿ ನಡೆದರೆ ನಮ್ಮೂರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪನಿಗೆ ಸಹಿ ಬರುತ್ತದೆ, ಅವ್ವನಿಗೆ ಅದೂ ಬಾರದು. ಆದರೆ ಅವಳ ಕಣ್ಣು ಬಹಳ ಚುರುಕು ಎಂದು ಊರಿಗೆಲ್ಲ ಹೆಸರು. ರಾಗಿಯಲ್ಲಿ ಕಲ್ಲು, ಹಲಸಂದೆಯಲ್ಲಿ ಹುಳ, ನನ್ನ ಮುಖದಲ್ಲಿ ಸುಳ್ಳು, ಮೂರೂ ಅವಳಿಗೆ ಒಂದೇ ನೋಟಕ್ಕೆ ಕಾಣುತ್ತಿದ್ದವು. ಅವಳ ತವರು ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲು. ನಾನು ಚಿಕ್ಕವನಿದ್ದಾಗ ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಸುತ್ತ ನನ್ನನ್ನು ನಡೆಸಿ, ಹೊಯ್ಸಳರ ಕಾಲದ ಆ ಪಟ್ಟಿಕೆಗಳಲ್ಲಿ ಕೆತ್ತಿರುವ ರಾಮಾಯಣವನ್ನು ಬೆರಳಿಟ್ಟು ಓದಿಸಿದವಳು ಅವಳೇ. ಅಕ್ಷರ ಬಾರದವಳು ಓದಿಸಿದಳು ಎಂದರೆ ನಗಬೇಡಿ. ನಾನು ಓದಿದ ಮೊದಲ ರಾಮಾಯಣ ಅದು.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ, ಜಗುಲಿಯ ಬಲ್ಬನ್ನು ನೋಡಿ ಅವಳು, “ನೋಡ್ಲಾ ಮಗಾ, ದೀಪ ಬಳೆ ತೊಟ್ಕಂಡದೆ. ಒಳಗಡೆ ನೀಲಿ, ಹೊರಗಡೆ ಕೆಂಪು” ಎಂದಳು. ನೋಡಿದೆ. ಬಲ್ಬು ಇತ್ತು, ಅದರ ಸುತ್ತ ಹುಳ ಇದ್ದವು, ಬಳೆ ಇರಲಿಲ್ಲ. ನಾಗಮಂಗಲಕ್ಕೆ ಕೊಟ್ಟಿರುವ ಅಕ್ಕ ಹಬ್ಬಕ್ಕೆ ಬಂದಿದ್ದವಳು, “ಅವ್ವನಿಗೆ ಪೊರೆ ಬರ್ತಾ ಇರಬೇಕು, ಬಲೀಲಿ, ಆಮೇಲೆ ತೆಗೆಸಿದರಾಯಿತು” ಎಂದಳು. ಎಲ್ಲರಿಗೂ ಸರಿಯೆನಿಸಿತು. ಬಳೆ ಆಗಾಗ ಬರುತ್ತಿತ್ತು, ಹೋಗುತ್ತಿತ್ತು. ಬಂದ ದಿನ ಅವಳಿಗೆ ಹುಬ್ಬಿನ ಮೇಲೆ ತಲೆನೋವು. ಒಂದೆರಡು ಸಲ ವಾಂತಿಯೂ ಆಯಿತು. ತಲೆನೋವನ್ನು ಒಲೆಯ ಹೊಗೆಗೆ ಕಟ್ಟಿದೆವು, ವಾಂತಿಯನ್ನು ಪಿತ್ತಕ್ಕೆ ಕಟ್ಟಿದೆವು. ಬಳೆಯನ್ನು ನಾನು ಪದ್ಯಕ್ಕೆ ಕಟ್ಟಿದೆ.

ಪದ್ಯ ಅಚ್ಚಾದ ಮೇಲೆ ಒಂದು ದಿನ ನನ್ನ ತರಗತಿಯ ಹುಡುಗಿಯೊಬ್ಬಳು, “ನಮ್ಮ ತಾತ ನಿಮ್ಮನ್ನು ನೋಡಬೇಕಂತೆ” ಎಂದಳು. ಅವರು ಭೌತಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತರಾದವರು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಮನೆ. ಹೊಗಳಿಸಿಕೊಳ್ಳುವ ಆಸೆಯಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಮೇಷ್ಟ್ರು ಸಂಚಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಏನಪ್ಪ, ಈ ಬಳೆ ನಿನ್ನ ಕಲ್ಪನೆಯೋ, ನಿಜವಾಗಿ ನಿಮ್ಮ ತಾಯಿಯವರು ಕಂಡದ್ದೋ?”

“ಕಂಡದ್ದೇ ಸಾರ್.”

“ನಿನಗೂ ಕಾಣುತ್ತದೆಯೋ?”

“ಇಲ್ಲ ಸಾರ್.”

“ಹಾಗಾದರೆ ಹನಿ ಗಾಳಿಯಲ್ಲಿಲ್ಲ, ಕಣ್ಣಿನಲ್ಲಿದೆ. ಪದ್ಯದ ಮಾತು ಆಮೇಲೆ ಆಡೋಣ. ಇವತ್ತು ಊರಿಗೆ ಹೋಗಿ, ಬಳೆ ಕಂಡ ಹೊತ್ತಿನಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಕೇಳು. ಯಾವ ಕಣ್ಣಿಗೆ ಬಳೆಯಿದೆಯೋ ನೋಡು. ತಲೆನೋವೇನಾದರೂ ಬರುತ್ತದೆಯೇ?”

ಬರುತ್ತದೆ ಎಂದೆ. ಅವರ ಮುಖ ನೋಡಿ ನನಗೆ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ.

ಬಳೆ ಬಲಗಣ್ಣಿನಲ್ಲಿತ್ತು. ಎಡಗಣ್ಣಿನಿಂದ ನೋಡಿದರೆ ಬಲ್ಬು ಬರಿಗೈಯಲ್ಲಿರುತ್ತಿತ್ತು. ಮಾರನೆಯ ದಿನವೇ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯನ್ನು ದಾಟುವಾಗ ಅವ್ವ ರೂಢಿಯಂತೆ ಒಂದು ರೂಪಾಯಿ ನಾಣ್ಯ ಹೊಳೆಗೆ ಎಸೆದಳು. ಅದು ಸೇತುವೆಯ ಕಂಬಿಗೆ ತಾಗಿ ಠಣ್ಣೆಂದಿತು. ಮೊದಲೆಲ್ಲ ಅವಳ ಗುರಿ ತಪ್ಪುತ್ತಿರಲಿಲ್ಲ.

ಡಾಕ್ಟರು ಅದನ್ನು ಗ್ಲಾಕೋಮ ಎಂದರು. ನನಗೆ ತಿಳಿದಷ್ಟು ಹೇಳುತ್ತೇನೆ. ಕಣ್ಣಿನೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತ, ಪಾಪೆಯ ಅಂಚಿನ ಬಳಿ ಇರುವ ಒಂದು ಸಂದಿಯ ಮೂಲಕ ಹರಿದುಹೋಗುತ್ತ ಇರುತ್ತದೆ. ಕೆಲವರಲ್ಲಿ ಆ ಸಂದಿ ಕಿರಿದು. ಮಬ್ಬುಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಅದು ಮುಚ್ಚಿಕೊಳ್ಳಬಹುದು. ತೂಬು ಕಟ್ಟಿದ ಕೆರೆಯಂತೆ ಒಳಗೆ ಒತ್ತಡ ಏರುತ್ತದೆ. ಆಗ ಕಣ್ಣಿನ ಮುಂಭಾಗದ ಗಾಜಿನಂಥ ಕಾರ್ನಿಯ ನೀರು ಹೀರಿ ಊದಿಕೊಳ್ಳುತ್ತದೆ. ಅದರ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಬಿಂದುಗಳು ಕೂಡುತ್ತವೆ. ದೀಪದ ಬೆಳಕು ಆ ಬಿಂದುಗಳನ್ನು ಹಾಯುವಾಗ ಚದರಿ ಬಣ್ಣದ ಬಳೆಯಾಗುತ್ತದೆ. ಸಂಜೆಯ ಹೊತ್ತಿಗೇ ಬಳೆ ಏಕೆ ಬರುತ್ತಿತ್ತು ಎಂಬುದು ಆಗ ತಿಳಿಯಿತು. ಒತ್ತಡ ಹೀಗೆ ಏರಿ ಏರಿ ಹಿಂದಿರುವ ನರವನ್ನು ಒಣಗಿಸಿದರೆ, ಹೋದ ನೋಟ ಮತ್ತೆ ಬರುವುದಿಲ್ಲ. ಪೊರೆಯಾದರೆ ತೆಗೆಸಬಹುದು, ಇದನ್ನು ಬಲಿಯಲಿ ಎಂದು ಕಾಯುವಂತಿಲ್ಲ. ನಾವು ಎರಡು ವರ್ಷ ಕಾದಿದ್ದೆವು.

ಲೇಸರ್ ಕಿರಣದಿಂದ ಎರಡು ಕಣ್ಣಿನ ಪಾಪೆಯಲ್ಲೂ ಸೂಜಿಮೊನೆಯಷ್ಟು ರಂಧ್ರ ಮಾಡಿ ನೀರಿಗೆ ಬೇರೆ ದಾರಿ ಬಿಟ್ಟರು. ಎಡಗಣ್ಣು ಉಳಿಯಿತು. ಬಲಗಣ್ಣಿನಲ್ಲಿ ಈಗ ಬೆಳಕು ಕತ್ತಲೆಗಳ ಭೇದ, ಕೈಯಾಡಿಸಿದರೆ ಅದರ ನೆರಳು, ಇಷ್ಟು ಉಳಿದಿದೆ. ಇನ್ನೊಂದು ವರ್ಷ ಮೊದಲು ಬಂದಿದ್ದರೆ ಎಂದು ಡಾಕ್ಟರು ಆರಂಭಿಸಿದವರು, ನನ್ನನ್ನು ನೋಡಿ ಮಾತು ನಿಲ್ಲಿಸಿದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಗಂಜಾಮಿಗೆ ಹೋಗುವುದು ನನ್ನ ಅಭ್ಯಾಸವಾಯಿತು. ಒಂದು ಬಳೆಯನ್ನು ನೋಡಿ, ಕಾಣದ ಹನಿ ಎಲ್ಲಿದೆ ಎಂದು ಆ ವೃದ್ಧರು ಹೇಗೆ ಹೇಳಿದರು? ಅದನ್ನು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ಮೊದಲ ಭಾನುವಾರ ಅವರು ಒಂದು ಸಣ್ಣ ಲೇಸರ್ ಟಾರ್ಚನ್ನೂ ಅಳತೆಪಟ್ಟಿಯನ್ನೂ ಮುಂದಿಟ್ಟು, “ನಿನ್ನ ತಾಯಿಯ ಒಂದು ಕೂದಲು ತಾ” ಎಂದರು. ಮುಂದಿನ ವಾರ ಬಾಚಣಿಗೆಯಿಂದ ಬಿಡಿಸಿದ ಕೂದಲನ್ನು ಪುಸ್ತಕದಲ್ಲಿಟ್ಟುಕೊಂಡು ಹೋದೆ. ಕತ್ತಲೆ ಕೋಣೆಯಲ್ಲಿ ಕೂದಲನ್ನು ಟಾರ್ಚಿನ ಬಾಯಿಗೆ ಅಡ್ಡ ಹಿಡಿದರೆ ಮೂರು ಮೀಟರ್ ಆಚೆಯ ಗೋಡೆಯ ಮೇಲೆ ಕೂದಲಿನ ನೆರಳು ಬೀಳಲಿಲ್ಲ! ಬದಲಿಗೆ ಕೆಂಪು ಪಟ್ಟಿ, ಕಪ್ಪು ಪಟ್ಟಿ, ಕೆಂಪು, ಕಪ್ಪು, ಎರಡೂ ಕಡೆಗೆ ಮಣಿ ಪೋಣಿಸಿದ ಹಾಗೆ ಚೆಲ್ಲಿತ್ತು. ಇದಕ್ಕೆ ವಿವರ್ತನೆ ಎಂದು ಹೆಸರು. ಬೆಳಕು ಅಲೆ, ಅಡ್ಡಿಯ ಎರಡು ಅಂಚುಗಳನ್ನು ಬಳಸಿ ಬಂದ ಅಲೆಗಳು ಗೋಡೆಯಲ್ಲಿ ಕೂಡುತ್ತವೆ. ಏರಿಗೆ ಏರು ಕೂಡಿದಲ್ಲಿ ಬೆಳಕು, ಏರಿಗೆ ಇಳಿವು ಕೂಡಿದಲ್ಲಿ ಕತ್ತಲೆ. ಕಪ್ಪು ಪಟ್ಟಿಗಳ ನಡುವೆ ಮೂರು ಸೆಂಟಿಮೀಟರ್ ಅಂತರವಿತ್ತು. ಆ ಕೆಂಪು ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಆರೂವರೆ ಭಾಗ. ಅದನ್ನು ಗೋಡೆಯ ದೂರದಿಂದ ಗುಣಿಸಿ ಪಟ್ಟಿಯ ಅಂತರದಿಂದ ಭಾಗಿಸಿದಾಗ ಬಂದದ್ದು 0.065 ಮಿಲಿಮೀಟರ್. ನನ್ನ ಅವ್ವನ ಕೂದಲಿನ ದಪ್ಪ! ನನ್ನ ಕೂದಲಿಗೆ ಪಟ್ಟಿಗಳು ಇನ್ನೂ ಹತ್ತಿರ ಬಂದವು; ವಸ್ತು ದಪ್ಪವಾದಷ್ಟೂ ಪಟ್ಟಿ ಇಕ್ಕಟ್ಟು, ಸಣ್ಣದಾದಷ್ಟೂ ವಿಸ್ತಾರ. ದೀಪದ ಬಳೆಗೂ ಇದೇ ಲೆಕ್ಕ: ಹನಿ ಸಣ್ಣದಾದರೆ ಬಳೆ ದೊಡ್ಡದು.

ಕೂದಲಿನ ಕತೆಗೆ ಹಳೆಯ ಕೊಂಡಿಯೊಂದಿದೆ. ಟಿಪ್ಪು ಸುಲ್ತಾನನು ಇದೇ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲದಲ್ಲಿ, 1785ರ ಸುಮಾರಿಗೆ, ಅಮೆರಿಕದ ಫಿಲಡೆಲ್ಫಿಯ ನಗರದ ಹಾಪ್ಕಿನ್ಸನ್ ಎಂಬಾತ ರೇಷ್ಮೆಯ ಕರವಸ್ತ್ರವನ್ನು ಕಣ್ಣಿಗೆ ಹಿಡಿದು ದೂರದ ಬೀದಿದೀಪವನ್ನು ನೋಡಿದ. ಎಳೆಗಳು ದಪ್ಪವಾಗಿ ಕಂಡವು. ಕರವಸ್ತ್ರವನ್ನು ಎಷ್ಟು ಅಲುಗಿಸಿದರೂ ಅವು ಅಲುಗಲಿಲ್ಲ. ವಿಸ್ಮಯಗೊಂಡು ಮಿತ್ರ ರಿಟನ್‌ಹೌಸನಿಗೆ ಬರೆದ. ಅವನು ಕೂದಲುಗಳನ್ನೇ ಒಂದರ ಪಕ್ಕ ಒಂದು ಬಿಗಿದು ಅದರ ಮೂಲಕ ಬೆಳಕನ್ನು ನೋಡಿ, ಕವಲೊಡೆದ ಗೆರೆಗಳನ್ನು ಅಳೆದ. ನಾನೂ ಅಕ್ಕನ ರೇಷ್ಮೆ ಸೀರೆಯ ಸೆರಗನ್ನು ಹಿಡಿದು ಬಸ್‌ನಿಲ್ದಾಣದ ದೀಪವನ್ನು ನೋಡಿದೆ. ಕಾಣುತ್ತದೆ, ಬೇಕಾದವರು ಪರೀಕ್ಷಿಸಬಹುದು. ಬಸ್‌ನಿಲ್ದಾಣದಲ್ಲಿ ಬೇಡ.

ಕೂದಲಿನ ದಪ್ಪ ಸಿಕ್ಕಿತು, ಸರಿ. ಆದರೆ ಅಡ್ಡವಿರುವ ವಸ್ತು ಕೂದಲಿನಂತೆ ಸರಳವಾಗಿರದೆ ಅಂಕುಡೊಂಕಾಗಿದ್ದರೆ ಅದರ ಚಿತ್ರವನ್ನೇ ಗೋಡೆಯ ಪಟ್ಟಿಗಳಿಂದ ಮರಳಿ ಪಡೆಯಬಹುದೇ? ನಾನು ಹೀಗೆ ಕೇಳಿದಾಗ ಮೇಷ್ಟ್ರು ಕುರ್ಚಿಯಲ್ಲಿ ನೇರವಾಗಿ ಕುಳಿತರು. ತೊಡಕು ಇಲ್ಲಿದೆ. ಗೋಡೆಗೆ ಬಂದ ಅಲೆಗೆ ಎರಡು ಗುಣ: ಎಷ್ಟು ಎತ್ತರ, ಮತ್ತು ಆ ಕ್ಷಣದಲ್ಲಿ ಏರಿನಲ್ಲಿದೆಯೋ ಇಳಿವಿನಲ್ಲಿದೆಯೋ ಎಂಬ ಹಂತ. ಕ್ಯಾಮೆರಾ ಬರೆದುಕೊಳ್ಳುವುದು ಮೊದಲನೆಯದನ್ನು ಮಾತ್ರ. ಹಂತ ಕಳೆದುಹೋಗುತ್ತದೆ, ಚಿತ್ರದ ಗುಟ್ಟು ಹೆಚ್ಚಾಗಿ ಅದರಲ್ಲೇ ಇರುತ್ತದೆ. ಕಣ್ಣಿನಲ್ಲಾದರೆ ಮಸೂರವಿದೆ, ಅಲೆಗಳನ್ನು ಹಂತ ಕೆಡದಂತೆ ಮತ್ತೆ ಕೂಡಿಸಿಕೊಡುತ್ತದೆ. ಕ್ಷಕಿರಣಗಳಿಗೆ ನಮ್ಮ ಕನ್ನಡಕದ ಗಾಜಿನಂಥ ಮಸೂರ ನಡೆಯುವುದಿಲ್ಲ. ಅಣುಗಳನ್ನು ನೋಡಬೇಕಾದರೆ ಕ್ಷಕಿರಣದಂಥದು ಬೇಕು. ಆದ್ದರಿಂದ ಕಳೆದುಹೋದ ಹಂತವನ್ನು ಲೆಕ್ಕದಿಂದಲೇ ಹುಡುಕಬೇಕು.

ಇದನ್ನು ಕೇಳುತ್ತಿದ್ದಂತೆ ನನಗೆ ಏಳನೆಯ ತರಗತಿಯ ಒಂದು ಸಂಗತಿ ನೆನಪಾಯಿತು. ಆ ವರ್ಷ ಅವ್ವ ಕಬ್ಬು ಕಡಿಯುವ ಗುಂಪಿನಲ್ಲಿದ್ದಳು. ಕಡಿಯುವ ದಿನಕ್ಕೆ ಒಂದು ಕೂಲಿ, ಲಾರಿ ತುಂಬುವ ದಿನಕ್ಕೆ ಹೆಚ್ಚು ಕೂಲಿ. ಗುಂಪಿನ ಮೇಸ್ತ್ರಿಯ ಪುಸ್ತಕದಲ್ಲಿ ಯಾರು ಒಟ್ಟು ಎಷ್ಟು ದಿನ ಬಂದರು ಎಂಬುದಷ್ಟೇ ಇತ್ತು. ಯಾವ ಯಾವ ದಿನ ಎಂಬುದಿರಲಿಲ್ಲ. ಎಲ್ಲ ದಿನಕ್ಕೂ ಕಡಿಮೆ ಕೂಲಿಯನ್ನೇ ಕೊಟ್ಟ. ಜಮೀನುದಾರರ ಪುಸ್ತಕದಲ್ಲಿ ಯಾವ ದಿನ ಒಟ್ಟು ಎಷ್ಟು ಆಳು ಎಂಬುದಿತ್ತು, ಯಾರು ಎಂಬುದಿರಲಿಲ್ಲ. ನಾನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮನೆ ಎಳೆದು, ಅಡ್ಡಸಾಲಿಗೆ ಒಬ್ಬೊಬ್ಬ ಆಳು, ಉದ್ದಸಾಲಿಗೆ ಒಂದೊಂದು ದಿನ ಎಂದು ಇಟ್ಟುಕೊಂಡು ತುಂಬತೊಡಗಿದೆ. ಸೋಮವಾರ ಎತ್ತು ಹೂಡುವುದಿಲ್ಲ, ಆ ಸಾಲೆಲ್ಲ ಖಾಲಿ. ಅಜ್ಜಿಯ ತಿಥಿಯ ದಿನ ನಮ್ಮ ಮನೆ ಖಾಲಿ. ಉಳಿದದ್ದನ್ನು ಊಹೆಯಿಂದ ತುಂಬಿದೆ. ಅಡ್ಡ ಮೊತ್ತ ಸರಿಮಾಡಿದರೆ ಉದ್ದ ಮೊತ್ತ ಕೆಟ್ಟಿತು. ಉದ್ದ ಸರಿಮಾಡಿದರೆ ಅಡ್ಡ ಕೆಟ್ಟಿತು. ಆದರೆ ಮೊದಲಿಗಿಂತ ಕಡಿಮೆ ಕೆಟ್ಟಿತು. ಅಳಿಸಿ, ಬರೆದು, ಅಳಿಸಿ, ಕಾಗದ ತೂತಾಗುವ ಹೊತ್ತಿಗೆ ಎಲ್ಲ ಹೊಂದಿಕೊಂಡಿತು. ಅವ್ವ ತುಂಬುವ ಕೆಲಸ ಮಾಡಿದ ದಿನ ಮೂರು ಎಂದು ಬಂತು. ಅವಳು ತನ್ನ ನೆನಪಿನಿಂದ ಹೇಳುತ್ತಿದ್ದದ್ದೂ ಮೂರೇ. ಕ್ಯಾಲೆಂಡರನ್ನು ಹಿಡಿದುಕೊಂಡು ಹೋಗಿ ನಿಂತಾಗ ಮೇಸ್ತ್ರಿ ಗೊಣಗಿಕೊಂಡು ಬಾಕಿ ಕೊಟ್ಟ. ಅವ್ವ ನನ್ನನ್ನು ಓದಿಸಿಯೇ ತೀರುತ್ತೇನೆ ಎಂದು ಹಟ ಹಿಡಿದದ್ದು ಆ ದಿನದಿಂದ.

ಮೇಷ್ಟ್ರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. 1972ರಲ್ಲಿ ಗೆರ್ಚ್‌ಬರ್ಗ್ ಮತ್ತು ಸ್ಯಾಕ್ಸ್‌ಟನ್ ಎಂಬಿಬ್ಬರು ಪ್ರಕಟಿಸಿದ ವಿಧಾನ ಹೆಚ್ಚು ಕಡಿಮೆ ಇದೇ ಅಂತೆ! ಅವರ ಕೈಯಲ್ಲಿದ್ದದ್ದು ಎರಡು ಪುಸ್ತಕ: ವಸ್ತುವಿನ ಚಿತ್ರದಲ್ಲಿ ಬೆಳಕಿನ ಪ್ರಮಾಣ ಒಂದು, ವಿವರ್ತನೆಯ ಚಿತ್ರದಲ್ಲಿ ಬೆಳಕಿನ ಪ್ರಮಾಣ ಇನ್ನೊಂದು. ಹಂತವನ್ನು ಊಹಿಸಿ ಒಂದನ್ನು ಸರಿಪಡಿಸುವುದು, ಇನ್ನೊಂದಕ್ಕೆ ಹೋಗಿ ಅದನ್ನು ಸರಿಪಡಿಸುವುದು, ಮತ್ತೆ ಹಿಂದಕ್ಕೆ. 1978ರಲ್ಲಿ ಫೀನಪ್ ಎಂಬುವರು ಒಂದೇ ಪುಸ್ತಕ ಸಾಕೆಂದು ತೋರಿಸಿದರು. ಎರಡನೆಯದರ ಬದಲಿಗೆ, ವಸ್ತುವಿನ ಸುತ್ತ ಬರಿಯ ಬಯಲಿದೆ ಎಂಬ ತಿಳಿವಳಿಕೆ ಇದ್ದರಾಯಿತು. ಅಂದರೆ ನನ್ನ ಸೋಮವಾರಗಳು. ನಮ್ಮೂರಿನ ಎತ್ತುಗಳಿಗೆ ವಾರಕ್ಕೊಮ್ಮೆ ಬಿಡುವು ಕೊಟ್ಟ ಹಿರಿಯರಿಗೆ ಇದು ಗೊತ್ತಿರಲಾರದು. ಒಂದು ಸಂದಿಗ್ಧ ಮಾತ್ರ ಈ ಲೆಕ್ಕಕ್ಕೂ ತಪ್ಪಿದ್ದಲ್ಲ: ವಸ್ತುವನ್ನು ತಲೆಕೆಳಗಾಗಿ ತಿರುಗಿಸಿಟ್ಟರೂ ಗೋಡೆಯ ಮೇಲೆ ಅದೇ ಚಿತ್ತಾರ ಬೀಳುವುದರಿಂದ, ಲೆಕ್ಕವು ಕೆಲವೊಮ್ಮೆ ಎರಡರ ನಡುವೆ ತೂಗಾಡುತ್ತದಂತೆ.

ಇದಕ್ಕೆ ಬೀಜ ಬಿದ್ದದ್ದು ಇನ್ನೂ ಹಿಂದೆ. 1952ರಲ್ಲಿ ಡೇವಿಡ್ ಸೇರ್ ಎಂಬ ವಿಜ್ಞಾನಿ ಒಂದು ಪುಟ್ಟ ಟಿಪ್ಪಣಿ ಬರೆದು, ಚಿತ್ತಾರವನ್ನು ಸಾಕಷ್ಟು ಒತ್ತೊತ್ತಾಗಿ ಅಳೆದರೆ ಕಳೆದ ಹಂತ ಸಿಕ್ಕೀತು ಎಂದು ಸೂಚಿಸಿದ್ದರು. ಅದು ಕೈಗೂಡಿದ್ದು 1999ರಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಕ್ಷಕಿರಣಗಳಿಂದ. ಮಿಯಾವ್, ಕಿರ್ಜ್ ಮೊದಲಾದವರೊಡನೆ ಸೇರ್ ಅವರೂ ಇದ್ದರು. ನಲವತ್ತೇಳು ವರ್ಷ! ಅವರು ಮೊದಲು ಚಿತ್ರ ತೆಗೆದದ್ದು ಯಾವುದನ್ನು ಗೊತ್ತೇ? ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಅಡ್ಡಗಲದ ಚಿನ್ನದ ಚುಕ್ಕೆಗಳನ್ನು ರಂಗೋಲಿಯಂತೆ ಇಟ್ಟು ಬರೆದ ಅಕ್ಷರಗಳನ್ನು. ಮಸೂರವೇ ಇಲ್ಲದೆ, ಚದರಿದ ಕಿರಣಗಳಿಂದ ಲೆಕ್ಕ ಹಾಕಿ ಆ ಅಕ್ಷರಗಳನ್ನು ಓದಿದರು. ಇದಕ್ಕೆ ಬೇಕಾದದ್ದು ಸಂಸಕ್ತ ಬೆಳಕು, ಅಂದರೆ ಕವಾಯತಿನಂತೆ ಹೆಜ್ಜೆ ತಪ್ಪದೆ ಬರುವ ಅಲೆಗಳು. ಅವ್ವನ ಪಾಪೆಯಲ್ಲಿ ರಂಧ್ರ ಮಾಡಿದ ಲೇಸರ್ ಕೂಡ ಅಂಥದೇ ಬೆಳಕು.

ಇಷ್ಟೆಲ್ಲ ಪರದೇಶದ ಮಾತಾಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಬೆಂಗಳೂರಿಗೆ ಬಂದರು. 1942ರಲ್ಲಿ ಜಿ. ಎನ್. ರಾಮಚಂದ್ರನ್ ಎಂಬ ಇಪ್ಪತ್ತು ವರ್ಷದ ಹುಡುಗ ವಿದ್ಯುತ್ ಇಂಜಿನಿಯರಿಂಗ್ ಓದಲು ಅಲ್ಲಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ಸೇರಿದ. ಮಾರನೆಯ ವರ್ಷವೇ ಅವರು ಬರೆದ ಪ್ರಬಂಧಗಳು ಯಾವುದರ ಮೇಲೆ? ತೆಳುಮೋಡದ ಹನಿಗಳಿಂದ ಚಂದ್ರನ ಸುತ್ತ ಕಟ್ಟುವ ಬಣ್ಣದ ಬಳೆಗಳ ಮೇಲೆ! ಮುಂದೆ ಅದೇ ರಾಮಚಂದ್ರನ್ ಮದರಾಸಿನಲ್ಲಿದ್ದಾಗ 1956ರಲ್ಲಿ, ಕೆಲವು ಪರಮಾಣುಗಳು ಕ್ಷಕಿರಣವನ್ನು ಚದರಿಸುವಾಗ ತೋರುವ ಒಂದು ವಿಚಿತ್ರ ಸ್ವಭಾವವನ್ನು ಹಿಡಿದು, ಹರಳುಗಳ ವಿಷಯದಲ್ಲಿ ಕಳೆದ ಹಂತವನ್ನು ಹುಡುಕುವ ದಾರಿ ತೋರಿಸಿದರು. ಬೆಂಗಳೂರಿನಲ್ಲಿ ಎಸ್. ರಾಮಶೇಷನ್ ಆ ದಾರಿಯಲ್ಲಿಯೇ ಕೆಲಸ ಮಾಡಿದರು. ಬಳೆಯನ್ನು ನೋಡಿದ ಇಪ್ಪತ್ತರ ಹುಡುಗ ಹನಿಯನ್ನು ಕೇಳಿದ. ನನಗೂ ಈಗ ಇಪ್ಪತ್ತು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಮರ್ಯಾದೆ.

ಅಡ್ಡ ಮೊತ್ತ, ಉದ್ದ ಮೊತ್ತ, ಸೋಮವಾರ ಎಲ್ಲವೂ ನನ್ನ ಮುಂದೆ ಇದ್ದವು. ಸಂಜೆ, ಹುಬ್ಬಿನ ಮೇಲಿನ ನೋವು, ವಾಂತಿ, ಅವಳೊಬ್ಬಳಿಗೇ ಕಾಣುವ ಬಳೆ. ಕೂಲಿಯ ಬಾಕಿಗೆಂದರೆ ಕಾಗದ ತೂತಾಗುವವರೆಗೆ ಕುಳಿತಿದ್ದವನು ಇದಕ್ಕೆ ಒಂದು ಗಳಿಗೆ ಕೂರಲಿಲ್ಲ. ಅವ್ವನಿಗೆ ಈ ಮಾತು ಹೇಳಿದೆ. “ನೀನೇನು ಡಾಕ್ಟ್ರೇನ್ಲಾ?” ಎಂದಳು. ಅಕ್ಕ ಮಾತ್ರ ಈಗಲೂ ಪೊರೆಯೆಂದ ತನ್ನ ಮಾತನ್ನು ನೆನೆದು ಅಳುತ್ತಾಳೆ. ನಾಗಮಂಗಲದ ಸೌಮ್ಯಕೇಶವನಿಗೆ ಹರಕೆ ಹೊತ್ತಿದ್ದಾಳೆ. ಅವಳ ಓರಗಿತ್ತಿಯ ಕಣ್ಣನ್ನೂ, ಅತ್ತೆಯ ಕಣ್ಣನ್ನೂ ಬಲವಂತವಾಗಿ ಪರೀಕ್ಷೆ ಮಾಡಿಸಿದ್ದಾಳೆ. ಈ ರೋಗ ರಕ್ತಸಂಬಂಧಿಗಳಲ್ಲಿ ಬರುವುದುಂಟೆಂದು ಡಾಕ್ಟರು ಹೇಳಿದ್ದರಿಂದ ಅವಳೂ ನಾನೂ ತೋರಿಸಿಕೊಂಡು ಬಂದೆವು.

ಹೋದ ತಿಂಗಳು ಮಾವನ ಮನೆಯ ಮದುವೆಗೆಂದು ಅವ್ವನನ್ನು ಹೊಸಹೊಳಲಿಗೆ ಕರೆದುಕೊಂಡು ಹೋಗಿದ್ದೆ. ಊಟವಾದ ಮೇಲೆ ಅವಳೇ ದೇವಸ್ಥಾನಕ್ಕೆ ಹೋಗೋಣ ಎಂದಳು. ಗೋಡೆಯ ಸುತ್ತ ನಡೆದಳು. ಬಲಗಡೆಯದು ಕಾಣದೆ ಎರಡು ಸಲ ಮೆಟ್ಟಿಲು ಎಡವಿದಳು. ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ರಾಮಾಯಣದ ಪಟ್ಟಿಕೆ ಬಂದಾಗ ಮುಖವನ್ನು ಓರೆಮಾಡಿ ಎಡಗಣ್ಣಿಂದ ಒಂದಷ್ಟು ದೂರ ನೋಡಿ, ಅಲ್ಲಿಂದ ಆಚೆಗೆ ಕಲ್ಲನ್ನು ಬೆರಳಿನಿಂದ ಸವರುತ್ತ, “ಇಲ್ಲಿಂದಾಚೆ ಕಪಿಗಳು ಕಲ್ಲು ಹೊರ್ತಾವೆ, ಅಲ್ವ? ಒಂದರ ಮೂತಿ ಒಡೆದೋಗದೆ, ನೋಡು” ಎಂದಳು.

ಬಗ್ಗಿ ನೋಡಿದೆ. ಒಡೆದಿತ್ತು.

ಅಷ್ಟರಲ್ಲಿ ಮಾವನ ಮಗ ಬಂದು ಕೃಷ್ಣರಾಜಪೇಟೆಗೆ ಹೋಗುವ ಆಟೋ ನಿಂತಿದೆ ಎಂದು ಕೂಗಿದ. ಕಣ್ಣಿನ ಹನಿ ಹಾಕುವ ಹೊತ್ತೂ ಆಗಿತ್ತು. ದೇವಾಲಯದ ಜಗುಲಿಯ ಮೇಲೆಯೇ ಅವ್ವನನ್ನು ಕೂರಿಸಿ, ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟೆ.